ಸಡಿಲಕ್ಕೊಂದು ಸರ್ಟಿಫಿಕೇಟು

ರಕ್ತದೊತ್ತಡ ನೋಡುವ ಯಂತ್ರದ ಪಟ್ಟಿಯನ್ನು ನನ್ನ ತೋಳಿಗೆ ಸುತ್ತುತ್ತ ನರ್ಸ್ ಹುಡುಗಿ, "ಕೈ ಲೂಸಾಗಿ ಬುಡಿ ಅಮ್ಮ" ಅಂದಳು. ನಾನು ಬಿಟ್ಟೆ. ಕೈ ಧೊಪ್ಪೆಂದು ಮೇಜಿನ ಮೇಲೆ ಬಿತ್ತು. ಅಲ್ಲಿದ್ದ ಪೆನ್ನು ಉರುಳಿ ನೆಲ ಸೇರಿತು. "ಅಯ್ಯೋ, ಮೆತ್ಗೆ!" ಎನ್ನುತ್ತ ಅವಳು ಪೆನ್ನನ್ನು ಎತ್ತಿಕೊಂಡು, ಗುಂಡಿ ಒತ್ತಿ, ಅಂಕಿ ನೋಡಿ, ನನ್ನ ಮುಖ ನೋಡಿ, ಮತ್ತೆ ಅಂಕಿ ನೋಡಿದಳು.

"ಕೈ ನೋಡುದ್ರೆ ಲೂಸಾಗೇ ಅದೆ. ಬಿಪಿ ನೋಡುದ್ರೆ ಮೇಲಕ್ಕತ್ಕೊಂಡ್ ಕುಂತದೆ. ಒಂದತ್ತು ನಿಮಿಸ ಆಚೆ ಬೆಂಚ್ ಮೇಲೆ ಕುಂತಿದ್ದು ಬನ್ನಿ ಅಮ್ಮ."

ಹೀಗಾಗಿ ನಾನು ದಟ್ಟಗಳ್ಳಿಯ ಈ ಪುಟ್ಟ ಕ್ಲಿನಿಕ್ಕಿನ ಬೆಂಚಿನ ಮೇಲೆ, ಎದುರಿಗಿದ್ದ ಸಕ್ಕರೆ ಕಾಯಿಲೆಯ ಚಿತ್ರಪಟ ನೋಡುತ್ತ ಕುಳಿತೆ. ಯಂತ್ರಕ್ಕೆ ನನ್ನ ಗುಟ್ಟು ತಿಳಿದುಬಿಟ್ಟಿತಲ್ಲ ಎಂದು ಸ್ವಲ್ಪ ನಾಚಿಕೆಯಾಯಿತು. ಆ ಧೊಪ್ಪೆಂದು ಬೀಳುವ ಕೈ ಇದೆಯಲ್ಲ, ಅದು ಸಡಿಲವಾದ ಕೈಯಲ್ಲ. ಸಡಿಲವನ್ನು ಅಭ್ಯಾಸ ಮಾಡಿದ ಕೈ. ಇದೇ ಕೈಯನ್ನು ತೋರಿಸಿ ನಾನು ಒಂದು ಕಾಲಕ್ಕೆ ಲಂಡನ್ನಿನಿಂದ ಸರ್ಟಿಫಿಕೇಟು ಪಡೆದವಳು. ಹಡಗು ಹತ್ತಿ ಬಂದ ಪರೀಕ್ಷಕರಿಗೆ ತಿಳಿಯದ್ದು ಅಂಗೈಯಗಲದ ಈ ಡಬ್ಬಿಗೆ ತಿಳಿಯಿತು.

ಇದು ಐವತ್ತರ ದಶಕದ ನಡುವಿನ ಮಾತು. ಆಗಿನ ನನ್ನ ದಿನಚರಿಗಳು ಈಗಲೂ ನನ್ನಲ್ಲಿವೆ, ಆದರೆ ಅವುಗಳನ್ನು ನಂಬಿ ನಾನು ಈ ಪ್ರಬಂಧ ಬರೆಯುತ್ತಿಲ್ಲ. ಮನೆಯಲ್ಲಿ ಭೂಕಂಪವಾದ ದಿನವೂ ಆ ಹುಡುಗಿ "ಪಾಠ ಆಯಿತು. ತಲೆನೋವು" ಎಂದಷ್ಟೇ ಬರೆದಿಟ್ಟಿದ್ದಾಳೆ. ಉಳಿದದ್ದನ್ನು ನೆನಪು ತುಂಬಿಸುತ್ತದೆ, ಮತ್ತು ನನ್ನ ನೆನಪಿಗೆ ನನ್ನನ್ನು ಒಂದೋ ಬಲಿಪಶು ಮಾಡಬೇಕು, ಇಲ್ಲವೇ ಮಹಾಪಾಪಿ ಮಾಡಬೇಕು. ನಡುವೆ ನಿಲ್ಲುವುದು ಅದಕ್ಕೆ ಆಗದು. ಓದುವವರು ಇದನ್ನು ಗಮನದಲ್ಲಿಟ್ಟುಕೊಂಡರೆ ಒಳ್ಳೆಯದು.

ಪಿಯಾನೊ ನಮ್ಮ ಮನೆಗೆ ಬಂದದ್ದು ಅರಮನೆಯ ಕಚೇರಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲದಲ್ಲಿ. ಅಣ್ಣ, ಎಂದರೆ ನಮ್ಮ ತಂದೆ, ಅಂಥ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರದ ಕಚೇರಿಯೊಂದಕ್ಕೆ ಹೋದರು. ಕುರ್ಚಿ ಬದಲಾಯಿತು, ಜರಿಪೇಟ ಬದಲಾಗಲಿಲ್ಲ, ಬೆನ್ನೂ ಬದಲಾಗಲಿಲ್ಲ. ಅಣ್ಣನ ಬೆನ್ನು ಕುರ್ಚಿಯ ಬೆನ್ನಿಗೆ ತಾಗಿದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಊರು ಬಿಟ್ಟು ಹೊರಟ ಯಾರೋ ದೊಡ್ಡ ಅಧಿಕಾರಿ ಸಾಗಿಸಲಾರದೆ ಬಿಟ್ಟುಹೋದ ಆ ಪಿಯಾನೊ ಎತ್ತಿನ ಗಾಡಿಯಲ್ಲಿ ಕುಳಿತು ಜಯಲಕ್ಷ್ಮಿಪುರಂಗೆ ಬಂತು. ಅಮ್ಮ ಹೊಸ್ತಿಲಲ್ಲಿ ನಿಂತು ಆರತಿ ಎತ್ತಿ, ಸೊಸೆಯನ್ನು ತುಂಬಿಸಿಕೊಳ್ಳುವ ಹಾಗೆ ತುಂಬಿಸಿಕೊಂಡಳು. ಹುಳು ಹೊಡೆಯದಿರಲಿ ಎಂದು ಅಣ್ಣ ಅದರ ಹೊಟ್ಟೆಯೊಳಗೆ ನುಸಿಗುಳಿಗೆ ಹಾಕಿಸಿದರು. ಅದರ ಮುಂದೆ ಚಪ್ಪಲಿ ಹಾಕಿಕೊಂಡು ಓಡಾಡುವಂತಿರಲಿಲ್ಲ, ಕಾಲು ಚಾಚಿ ಕೂರುವಂತಿರಲಿಲ್ಲ, ಜೋರಾಗಿ ಆಕಳಿಸುವಂತಿರಲಿಲ್ಲ. ಇಷ್ಟೆಲ್ಲ ಭಯಭಕ್ತಿಯ ನಡುವೆ ನಾನು ಅದನ್ನು ನುಡಿಸಬೇಕಾಗಿತ್ತು. ಏಕೆಂದರೆ ದೊಡ್ಡವರ ಮನೆಯ ಹೆಣ್ಣುಮಕ್ಕಳೆಲ್ಲ ಲಂಡನ್ನಿನ ಸಂಗೀತ ಪರೀಕ್ಷೆ ಕಟ್ಟುತ್ತಾರೆಂದು ಅಣ್ಣನಿಗೆ ಗೊತ್ತಿತ್ತು. ದೊಡ್ಡವರು ಊರಿನಿಂದ ಹೊರಟುಹೋಗುತ್ತಿದ್ದಾರೆ ಎಂಬುದನ್ನು ಮಾತ್ರ ಅವರು ಗಮನಿಸಿರಲಿಲ್ಲ.

ಪಾಠ ಹೇಳಲು ದೇವಸಹಾಯಂ ಮಾಸ್ಟರು ಬನ್ನಿಮಂಟಪದ ಕಡೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಹಿಂದೆ ಅರಮನೆಯ ಬ್ಯಾಂಡಿನಲ್ಲಿದ್ದವರು. ಸಣ್ಣ ಆಳು, ದೊಡ್ಡ ಮೀಸೆ, ಯಾವಾಗಲೂ ಇಸ್ತ್ರಿ ಮಾಡಿದ ಕೋಟು. ಅವರ ಬೋಧನೆಯಲ್ಲಿ ಎರಡು ಯುಗಗಳಿದ್ದವು. ಮೊದಲನೆಯದು ನಿಂಬೆಹಣ್ಣಿನ ಯುಗ. ನನ್ನ ಮುಂಗೈ ಮೇಲೆ ಒಂದೊಂದು ನಿಂಬೆಹಣ್ಣು ಇಡುತ್ತಿದ್ದರು; ನುಡಿಸುವಾಗ ಅದು ಬೀಳಬಾರದು. ಬಿದ್ದರೆ ಗೆಣ್ಣಿನ ಮೇಲೆ ಅಡಿಪಟ್ಟಿ. ಬಿದ್ದ ನಿಂಬೆಹಣ್ಣುಗಳು ಮಾರನೆಯ ಬೆಳಗ್ಗೆ ಚಿತ್ರಾನ್ನವಾಗುತ್ತಿದ್ದವು. ನನ್ನ ಸಂಗೀತದಿಂದ ಮನೆಗಾದ ಸ್ಪಷ್ಟವಾದ ಉಪಯೋಗ ಅದೊಂದೇ.

ಹೀಗೆ ನಿಂಬೆಹಣ್ಣು ಹೊತ್ತು ನಾಲ್ಕು ವರ್ಷ ಕಲಿತು ನಾನು ಪರೀಕ್ಷೆಗೆ ಕೂತೆ. ಪರೀಕ್ಷಕರು ವರ್ಷಕ್ಕೊಮ್ಮೆ, ದಸರಾ ಮುಗಿದು ಚಳಿ ಶುರುವಾಗುವ ಹೊತ್ತಿಗೆ ಬರುತ್ತಿದ್ದರು. ನಾನು ಫೇಲಾದೆ. ಅವರು ಬರೆದು ಕಳಿಸಿದ್ದನ್ನು ಅಣ್ಣ ಊಟದ ಹೊತ್ತಿನಲ್ಲಿ ಕನ್ನಡಕ್ಕೆ ತಂದು ಎಲ್ಲರಿಗೂ ಓದಿ ಹೇಳಿದರು: ಬೆರಳು ಬಿಗಿ, ತೋಳು ಬಿಗಿ, ಭುಜ ಬಿಗಿ; ಎಲ್ಲ ಸರಿಯಾಗಿದೆ, ಕೇಳುವುದು ಕಷ್ಟ.

"ಇನ್ನೊಂದೇ ಸಲ ಮಗು" ಅಂದರು ಅಣ್ಣ. "ಮುಂದಿನ ವರ್ಷ ಆಗಲಿಲ್ಲವೋ, ಪಿಯಾನೊಗೆ ಬೀಗ ಹಾಕಿ ಕೊಟ್ಟುಬಿಡ್ತೀನಿ ಯಾರಿಗಾದರೂ. ನಾಲ್ಕು ಜನದ ಮುಂದೆ ನನಗೂ ಒಂದು ಮುಖ ಇದೆ."

ನನಗೆ ಪಿಯಾನೊ ಬೇಕಾಗಿತ್ತೇ? ಇದನ್ನು ನಾನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಮಾಸ್ಟರಿಗಾಗಿ ನುಡಿಸುವ ಪಿಯಾನೊ ಖಂಡಿತ ಬೇಡವಾಗಿತ್ತು. ಆದರೆ ಶನಿವಾರ ಮಧ್ಯಾಹ್ನ ಇನ್ನೊಂದು ಪಿಯಾನೊ ಇತ್ತು. ಅಣ್ಣ ಕಚೇರಿಯಲ್ಲಿ, ಅಮ್ಮ ನಿದ್ದೆಯಲ್ಲಿ. ಜಗುಲಿಯಲ್ಲಿ ಪುಟ್ಟತ್ತೆ ಹೂ ಕಟ್ಟುತ್ತ ಕುಳಿತಿರುತ್ತಿದ್ದಳು. ಅವಳು ಅಣ್ಣನ ತಂಗಿ. ಗಂಡ ರೈಲ್ವೆಯಲ್ಲಿ ಊರೂರು ಸುತ್ತುತ್ತಿದ್ದುದರಿಂದ ವರ್ಷದಲ್ಲಿ ಎಂಟು ತಿಂಗಳು ನಮ್ಮ ಮನೆಯಲ್ಲೇ ಇರುತ್ತಿದ್ದಳು. ಮೂರು ಎಣಿಕೆಯ ಒಂದು ಪುಟ್ಟ ಕುಣಿತದ ತುಣುಕು ನನಗೆ ಬರುತ್ತಿತ್ತು, ಪರೀಕ್ಷೆಗೆ ಬೇಕಿಲ್ಲದ್ದು. ಪುಟ್ಟತ್ತೆ ಅದಕ್ಕೆ ಉಯ್ಯಾಲೆ ಅಂತ ಹೆಸರಿಟ್ಟಿದ್ದಳು. "ಲೇ, ಆ ಉಯ್ಯಾಲೇದು ನುಡಿಸೇ, ಕೈ ಬೇಗ ಓಡುತ್ತೆ" ಎಂದು ಜಗುಲಿಯಿಂದ ಕೂಗುತ್ತಿದ್ದಳು. ನಾನು ನುಡಿಸುತ್ತಿದ್ದೆ. ಆಗ ನನ್ನ ಭುಜ ಎಲ್ಲಿತ್ತು, ಮಣಿಕಟ್ಟು ಎಲ್ಲಿತ್ತು, ನನಗೆ ತಿಳಿಯದು. ತಿಳಿಯದೇ ಇದ್ದದ್ದೇ ಅದರ ಗುಟ್ಟೆಂದು ಈಗ ಹೇಳುವುದು ಸುಲಭ. ಆ ಪಿಯಾನೊಗೆ ಬೀಗ ಬೀಳುವುದು ಮಾತ್ರ ನನಗೆ ಬೇಡವಾಗಿತ್ತು.

ನಾನು ಫೇಲಾದ ದುಃಖದಲ್ಲಿ ಮಾಸ್ಟರು ಲಂಡನ್ನಿನಿಂದ ಒಂದು ಪುಸ್ತಕ ತರಿಸಿದರು. ಅದು ಬಂದ ದಿನದಿಂದ ಎರಡನೆಯ ಯುಗ ಶುರುವಾಯಿತು. ಬಿಗಿಯೇ ಸಂಗೀತದ ಶತ್ರು, ಸಡಿಲವೇ ಸರ್ವಸ್ವ ಎಂದು ಆ ಪುಸ್ತಕ ಸಾರುತ್ತಿತ್ತಂತೆ. ನಾಲ್ಕು ವರ್ಷ ನಿಂಬೆಹಣ್ಣು ಬೀಳಬಾರದು ಎಂದು ಹೊಡೆದವರು ಈಗ ಕೈ ಬೀಳಲಿಲ್ಲ ಎಂದು ಹೊಡೆಯತೊಡಗಿದರು. ಪರೀಕ್ಷೆ ಹೀಗೆ: ಎರಡು ಬೆರಳಿನಿಂದ ನನ್ನ ಮಣಿಕಟ್ಟನ್ನು ಮೇಲೆತ್ತುವರು, ಫಕ್ಕನೆ ಬಿಡುವರು. ನಿಜವಾಗಿ ಸಡಿಲವಾದ ಕೈ ಸತ್ತ ಮೀನಿನ ಹಾಗೆ ತೊಡೆಯ ಮೇಲೆ ಬೀಳಬೇಕು. ನನ್ನದು ಬೀಳುತ್ತಿರಲಿಲ್ಲ. ಅಪ್ಪಣೆಗಾಗಿ ಕಾಯುವ ಜವಾನನ ಹಾಗೆ ಗಾಳಿಯಲ್ಲೇ ನಿಂತುಕೊಳ್ಳುತ್ತಿತ್ತು.

"ಏನಮ್ಮಾ ಇದು, ಕೈಯಾ ಕೊರಡಾ? ರಿಲ್ಯಾಕ್ಸ್! ರಿಲ್ಯಾಕ್ಸ್ ಅಂದೆ!" ಎಂದು ಮಾಸ್ಟರು ಗುಡುಗುವರು. ಪಕ್ಕದ ಕುರ್ಚಿಯಲ್ಲಿ ಕಡ್ಡಿಯಂತೆ ಕುಳಿತ ಅಣ್ಣ ಎರಡೂ ಮುಷ್ಟಿ ಬಿಗಿಹಿಡಿದು, "ಸಡಿಲ ಬಿಡು ಮಗು, ಸಡಿಲ ಬಿಡು" ಎಂದು ಹಲ್ಲು ಕಚ್ಚಿಕೊಂಡು ಹೇಳುವರು. ಸಡಿಲವನ್ನು ಬಲ್ಲವರು ಆ ಕೋಣೆಯಲ್ಲಿ ಒಬ್ಬರೂ ಇರಲಿಲ್ಲ. ಅಣ್ಣ ಕಚೇರಿಯ ಅಭ್ಯಾಸದಂತೆ ಒಂದು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದರು: ಐದರಿಂದ ಐದೂವರೆ, ಸ್ವರ ಸಾಧನೆ, ಐದೂವರೆಯಿಂದ ಆರು, ಸಡಿಲ. ಆ ಅರ್ಧ ಗಂಟೆ ಮನೆಯವರೆಲ್ಲ ಉಸಿರು ಬಿಗಿಹಿಡಿದುಕೊಂಡು ಓಡಾಡುತ್ತಿದ್ದರು.

ಒಂದು ಸಂಜೆ ಮಾಸ್ಟರು ನನ್ನ ಕೈಯನ್ನು ಹತ್ತು ಸಲ ಎತ್ತಿ ಬಿಟ್ಟರು; ಹತ್ತು ಸಲವೂ ಅದು ಗಾಳಿಯಲ್ಲೇ ನಿಂತಿತು. ಹನ್ನೊಂದನೆಯ ಸಲ ಅವರು ಅಡಿಪಟ್ಟಿಗೆ ಕೈ ಹಾಕುತ್ತಿದ್ದಂತೆ, ಕಿಟಕಿಯಾಚೆ ಜಗುಲಿಯಲ್ಲಿದ್ದ ಪುಟ್ಟತ್ತೆ ನನ್ನ ಕಣ್ಣಿಗೆ ಬಿದ್ದಳು. ತಪ್ಪಿಸಿಕೊಳ್ಳುವುದಕ್ಕೆ ಅಂದುಬಿಟ್ಟೆ: "ಮಾಸ್ಟರ್, ನಮ್ಮತ್ತೆ ಕೈ ನೋಡಿ, ಎಷ್ಟು ಸಡಿಲ ಇದೆ!"

ಈ ಮಾತು ಆಡಿದ್ದು ನಾನೇ. ಇದರಲ್ಲಿ ನೆನಪು ಮೋಸ ಮಾಡುತ್ತಿಲ್ಲವೆಂದು ಬಲ್ಲೆ. ಎಷ್ಟೋ ಸಲ ಬೇರೆಯವರು ಆಡಿದರೆಂದು ನಂಬಲು ನೋಡಿದ್ದೇನೆ, ಆಗಿಲ್ಲ.

ಪುಟ್ಟತ್ತೆ ಹೂ ಕಟ್ಟುವುದನ್ನು ನೀವು ನೋಡಬೇಕಿತ್ತು. ನೆನೆಸಿದ ಬಾಳೆನಾರಿನ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ಎಡಗೈಯಲ್ಲಿ ಎರಡು ಕಾಕಡ ಈ ಕಡೆ, ಎರಡು ಆ ಕಡೆ ಇಟ್ಟು, ಬಲಗೈಯಿಂದ ಒಂದು ಸುತ್ತು, ಒಂದು ಜಗ್ಗು, ಅಷ್ಟೆ. ಕಣ್ಣು ಬೀದಿಯ ಮೇಲಿರುತ್ತಿತ್ತು. ಬಾಯಿ ಬೀದಿಯಲ್ಲಿ ಹೋಗುವವರ ಮೇಲೆ. "ನೋಡೇ, ಅವಳಿಗೆ ಆ ಸೀರೆ ಉಡೋ ಧೈರ್ಯ ನೋಡು" ಎನ್ನುವಷ್ಟರಲ್ಲಿ ಒಂದು ಗೇಣು ಮಾಲೆಯಾಗಿರುತ್ತಿತ್ತು. ನವರಾತ್ರಿಯಲ್ಲಿ ಬೀದಿಯ ಹೆಂಗಸರೆಲ್ಲ ಬೊಂಬೆಗೆ, ದೇವರಿಗೆ ಎಂದು ಹೂವಿನ ಬುಟ್ಟಿ ತಂದು ಅವಳ ಮುಂದೆ ಇಟ್ಟುಹೋಗುವರು. ಅವಳು ಕಟ್ಟಿದ ಮಾಲೆ ಹಿಡಿದು ಜಗ್ಗಿದರೂ ಬಿಚ್ಚದು, ಹೂವೂ ನಲುಗದು. ಬೀದಿಯಲ್ಲಿ ಅವಳಿಗೆ ಇದ್ದ ಗೌರವ ಅದು. ಗಂಡನಿಲ್ಲದೆ ಅಣ್ಣನ ಮನೆಯಲ್ಲಿ ಎಂಟು ತಿಂಗಳು ಕಳೆಯುವ ಹೆಂಗಸಿಗೆ ಅದು ಚಿಕ್ಕದಲ್ಲ.

ಮಾಸ್ಟರು ಕಿಟಕಿಯ ಬಳಿ ಹೋಗಿ ನೋಡಿದರು. ಮೀಸೆ ನಡುಗಿತು. "ಸಾರ್, ಬನ್ನಿ ಇಲ್ಲಿ! ಪುಸ್ತಕದಲ್ಲಿ ಇರೋ ಕೈ ಇದೇ!" ಎಂದು ಅಣ್ಣನನ್ನು ಕರೆದರು. ಇಬ್ಬರೂ ಜಗುಲಿಗೆ ಹೋಗಿ ಅವಳ ಮುಂದೆ ನಿಂತರು. ನಾನೂ ಹಿಂದೆ ಹೋದೆ.

"ಅಮ್ಮಾವ್ರೇ, ನಿಲ್ಲಿಸಬೇಡಿ, ಹಾಗೇ ಕಟ್ತಾ ಇರಿ. ನೋಡು ಮಗಳೇ, ಮಣಿಕಟ್ಟು ನೋಡು. ಮೊಣಕೈ ನೋಡು. ಅಮ್ಮಾವ್ರೇ, ಇದು ಹೇಗೆ ಮಾಡ್ತೀರಿ, ಸ್ವಲ್ಪ ನಿಧಾನವಾಗಿ ತೋರಿಸಿ."

"ಹೇಗೆ ಅಂದ್ರೆ? ಹೂ ಕಟ್ಟೋದು ಮಾಸ್ಟರೇ" ಎಂದಳು ಪುಟ್ಟತ್ತೆ, ನಗುತ್ತ.

"ಅದೇ, ಯಾವ ಬೆರಳು ಮೊದಲು? ಭಾರ ಎಲ್ಲಿ ಬಿಡ್ತೀರಿ?"

"ಭಾರನಾ? ನಾಲ್ಕು ಹೂವಿಗೆ ಎಂಥ ಭಾರ! ಅಣ್ಣಯ್ಯ, ಇವರಿಗೆ ಏನಾಗಿದೆಯೋ?"

"ನೀನು ತೋರಿಸಮ್ಮ, ಮಗು ಪರೀಕ್ಷೆ ವಿಷಯ" ಅಂದರು ಅಣ್ಣ, ಅಷ್ಟು ಹೂಗಳ ನಡುವೆಯೂ ಬೆನ್ನು ಬಗ್ಗಿಸದೆ.

ಅವಳು ತೋರಿಸಲು ತನ್ನ ಕೈಯನ್ನು ನೋಡಿಕೊಂಡಳು. ಬಹುಶಃ ಹೂ ಕಟ್ಟುವಾಗ ಅವಳು ತನ್ನ ಕೈ ನೋಡಿಕೊಂಡದ್ದು ಅದೇ ಮೊದಲು. ಎರಡು ಹೂ ಇಟ್ಟಳು, ನಿಂತಳು. "ಇರಿ, ಮೊದಲು ಹೀಗೆ... ಅಲ್ಲ, ಹೀಗೆ..."

ಅಂದಿನಿಂದ ಪಾಠದ ಮೊದಲ ಕಾಲು ಗಂಟೆ ಪುಟ್ಟತ್ತೆಯ ಪ್ರದರ್ಶನ. ಪಿಯಾನೊದ ಪಕ್ಕ ಚಾಪೆ ಹಾಸಿ ಅವಳನ್ನು ಕೂರಿಸುವರು. ಅವಳು ಕಟ್ಟಬೇಕು, ನಾನು ನೋಡಬೇಕು, ಮಾಸ್ಟರು ವಿವರಿಸಬೇಕು. ಅತ್ತೆಗೆ ಮೊದಲು ತಮಾಷೆ, ಆಮೇಲೆ ಹೆಮ್ಮೆ. ಲಂಡನ್ ಪುಸ್ತಕದಲ್ಲಿ ತನ್ನ ಕೈ ಇದೆಯೆಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಳು. ಒಂದು ದಿನ ಮಾಸ್ಟರು ಅವಳನ್ನೇ ಪಿಯಾನೊದ ಮುಂದೆ ಕೂರಿಸಿ ಮಣಿಕಟ್ಟು ಎತ್ತಿ ಬಿಟ್ಟರು. ಕೈ ಗಾಳಿಯಲ್ಲಿ ನಿಂತಿತು. ಥೇಟ್ ನನ್ನದರ ಹಾಗೆ. ಭುಜ ಕಿವಿಯ ಹತ್ತಿರ ಹೋಗಿತ್ತು.

"ಛೆ, ಪಿಯಾನೊ ಅಂದ ತಕ್ಷಣ ನಿಮಗೂ ಬಂದುಬಿಡ್ತಲ್ಲಾ ಅಮ್ಮಾವ್ರೇ!" ಎಂದರು ಮಾಸ್ಟರು, ಜ್ವರ ಅಂಟಿತೆನ್ನುವ ಹಾಗೆ.

ನಾವೆಲ್ಲ ನಕ್ಕೆವು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಮೊದಲ ಸಲ ಆ ಮನೆಯಲ್ಲಿ ನನ್ನ ಹಾಗೆ ಕೈ ಬೀಳದವರು ಇನ್ನೊಬ್ಬರು ಸಿಕ್ಕಿದ್ದರು.

ನಾನು ಅಷ್ಟರಲ್ಲಿ ಬೇರೊಂದು ದಾರಿ ಕಂಡುಕೊಂಡಿದ್ದೆ. ಕೈ ತಾನಾಗಿ ಬೀಳದಿದ್ದರೆ ನಾನೇ ಬೀಳಿಸಿದರಾಯಿತಲ್ಲ! ಅವರು ಬಿಟ್ಟ ಕ್ಷಣಕ್ಕೆ ಸರಿಯಾಗಿ ಕೈಯನ್ನು ತೊಡೆಗೆ ಎಸೆಯುವುದು. ತುಸು ಮುಂಚೆ ಎಸೆದರೆ ಗೊತ್ತಾಗುತ್ತದೆ, ತಡವಾದರೆ ಅಡಿಪಟ್ಟಿ. ಬಚ್ಚಲಮನೆಯಲ್ಲಿ ಬಾಗಿಲು ಹಾಕಿಕೊಂಡು ಸ್ವರಗಳಿಗಿಂತ ಹೆಚ್ಚಾಗಿ ಇದನ್ನು ಸಾಧನೆ ಮಾಡಿದೆ. ಒಂದು ತಿಂಗಳಲ್ಲಿ ನನ್ನ ಕೈ ಮಾಸ್ಟರ ಬೆರಳಿನಿಂದ ಸತ್ತ ಮೀನಿನಂತೆಯೇ ಬೀಳತೊಡಗಿತು. "ಬಂತು! ಬಂತು!" ಎಂದು ಅವರು ಕುಣಿದಾಡಿದರು. ಅಣ್ಣ ವೇಳಾಪಟ್ಟಿಯಲ್ಲಿ ಸಡಿಲದ ಮುಂದೆ ಒಂದು ಗುರುತು ಹಾಕಿದರು.

ನವರಾತ್ರಿ ಬಂತು. ಸರಸ್ವತಿ ಪೂಜೆಯ ದಿನ ನಮ್ಮಲ್ಲಿ ಪುಸ್ತಕಗಳ ಜೊತೆ ಪಿಯಾನೊಗೂ ಪೂಜೆ. ಬೆರಳೊತ್ತುವ ಬಿಳಿ ಪಟ್ಟಿಗಳ ಮೇಲೆ ಕುಂಕುಮ ಬೀಳದ ಹಾಗೆ ಮರಕ್ಕೆ ಮಾತ್ರ ಬೊಟ್ಟು. ಮುಚ್ಚಳ ತೆರೆದಿಟ್ಟು, ಈ ತುದಿಯಿಂದ ಆ ತುದಿಗೆ ಪುಟ್ಟತ್ತೆಯ ಮಾಲೆ. ವಿಜಯದಶಮಿಯವರೆಗೆ ಯಾರೂ ಮುಟ್ಟುವಂತಿಲ್ಲ. ಅದೊಂದೇ ನನಗೆ ನಿಜವಾದ ವಿಶ್ರಾಂತಿ. ಆ ವರ್ಷವೂ ಪುಟ್ಟತ್ತೆ ಬೆಳಗ್ಗೆಯಿಂದ ಕಟ್ಟಿದಳು. ಬೀದಿ ನೋಡಲಿಲ್ಲ, ಮಾತಾಡಲಿಲ್ಲ. ಕೈ ನೋಡಿಕೊಂಡು ಕಟ್ಟಿದಳು. ಬೀದಿಯವರ ಬುಟ್ಟಿಗಳು ಜಗುಲಿಯಲ್ಲಿ ಕಾದು ಕುಳಿತಿದ್ದವು.

ಅಣ್ಣ ಮಂಗಳಾರತಿ ಎತ್ತುವಾಗ ಮಾಲೆಯ ನಡುವಿನಿಂದ ಒಂದು ಹೂ ಜಾರಿತು. ಹಿಂದೆಯೇ ಇನ್ನೆರಡು. ಆಮೇಲೆ ನಾರಿನ ಉದ್ದಕ್ಕೂ ಗಂಟುಗಳು ಒಂದೊಂದಾಗಿ ಬಿಟ್ಟುಕೊಂಡು, ಕಾಕಡವೆಲ್ಲ ಬಿಳಿ ಕರಿ ಪಟ್ಟಿಗಳ ಮೇಲೆ ಸದ್ದಿಲ್ಲದೆ ಉದುರಿತು. ಅಣ್ಣನ ಕೈಯಲ್ಲಿ ಗಂಟೆ ನಿಂತಿತು.

"ಯಾರು ಕಟ್ಟಿದ್ದು ಇದನ್ನ?" ಎಂದಳು ಅಮ್ಮ. ಅವಳಿಗೆ ಪುಟ್ಟತ್ತೆಯ ಮಾಲೆಯೆಂದು ಹೊಳೆಯಲೇ ಇಲ್ಲ.

ಪುಟ್ಟತ್ತೆ ತನ್ನ ಎರಡೂ ಕೈಗಳನ್ನು ಎದುರಿಗೆ ಹಿಡಿದುಕೊಂಡು, ಬೇರೆ ಯಾರದೋ ಕೈ ಎನ್ನುವ ಹಾಗೆ ನೋಡುತ್ತಿದ್ದಳು. "ನೋಡ್ಕೊಂಡೇ ಕಟ್ಟಿದೆ ಅತ್ತಿಗೆ" ಅಂದಳು. "ಒಂದೊಂದು ಗಂಟೂ ನೋಡ್ಕೊಂಡೇ ಕಟ್ಟಿದೆ."

ಮಧ್ಯಾಹ್ನ ಬೀದಿಯ ಹೆಂಗಸರು ಬುಟ್ಟಿಗಳನ್ನು ವಾಪಸು ತೆಗೆದುಕೊಂಡು ಹೋದರು. ಪಾಪ, "ಹುಷಾರಿಲ್ಲವೇನೋ" ಅಂದರು. ನಾನು ಅವಳ ಹತ್ತಿರ ಹೋಗಿ, ಅತ್ತೇ, ಸಡಿಲ ನನಗೂ ಬಂದಿಲ್ಲ, ನಾನು ಸುಮ್ಮನೆ ಎಸೀತಿದೀನಿ, ಎಂದು ಹೇಳಬೇಕಿತ್ತು. ಹೇಳಿದ್ದರೆ ಅವಳು ನಗುತ್ತಿದ್ದಳು, ಬಹುಶಃ ಅಷ್ಟಕ್ಕೇ ಸರಿಹೋಗುತ್ತಿದ್ದಳು. ಹೇಳಿದರೆ ಮಾಸ್ಟರಿಗೆ ತಿಳಿಯುತ್ತಿತ್ತು, ಅಣ್ಣನಿಗೆ ತಿಳಿಯುತ್ತಿತ್ತು, ಪಿಯಾನೊಗೆ ಬೀಗ ಬೀಳುತ್ತಿತ್ತು. ಹೇಳಲಿಲ್ಲ. ದಿನಚರಿಯಲ್ಲಿ ಅಂದು "ಪೂಜೆ ಆಯಿತು. ತಲೆನೋವು" ಎಂದಿದೆ.

ಚಳಿಗಾಲದಲ್ಲಿ ಪರೀಕ್ಷಕರು ಬಂದರು. ಕಾನ್ವೆಂಟಿನ ಹಾಲಿನಲ್ಲಿ ಉದ್ದ ಮುಖದ ಒಬ್ಬ ದೊರೆ, ಶೀತ ಹಿಡಿದು ಮೂಗು ಒರೆಸಿಕೊಳ್ಳುತ್ತ ಕುಳಿತಿದ್ದ. ನುಡಿಸುವ ಮೊದಲು ನಾನು ಎರಡೂ ತೋಳುಗಳನ್ನು ತುಸು ಎತ್ತಿ ತೊಡೆಯ ಮೇಲೆ ಧೊಪ್ಪೆಂದು ಬೀಳಬಿಟ್ಟೆ. ಭುಜ ಒಮ್ಮೆ ತಿರುಗಿಸಿದೆ. ಒಂದು ದೀರ್ಘ ಉಸಿರು. ಪ್ರತಿ ತುಣುಕಿನ ಕೊನೆಯಲ್ಲೂ ಮಣಿಕಟ್ಟನ್ನು ಗಾಳಿಗೆ ತೇಲಬಿಟ್ಟೆ, ಪುಸ್ತಕದ ಚಿತ್ರದಲ್ಲಿದ್ದ ಹಾಗೆ. ಆತ ತಲೆದೂಗಿದ. ಎರಡು ತಿಂಗಳಿಗೆ ಸರ್ಟಿಫಿಕೇಟು ಬಂತು, ಜೊತೆಗೆ ಒಂದು ಸಾಲು: ನುಡಿಸುವುದರಲ್ಲಿ ಸೊಗಸಾದ ನಿರಾಳತೆ ಇದೆ. ಅಣ್ಣ ಎರಡನ್ನೂ ಕಟ್ಟು ಹಾಕಿಸಿ, ಪಿಯಾನೊದ ಮೇಲೆ ನೇತುಹಾಕಿದರು. ಮನೆಗೆ ಬಂದವರಿಗೆಲ್ಲ, "ನಮ್ಮ ಮಗು ನಿರಾಳವಾಗಿದೆ ಅಂತ ಲಂಡನ್ನಿನವರು ಬರೆದುಕೊಟ್ಟಿದಾರೆ" ಎಂದು, ನೆಟ್ಟಗೆ ನಿಂತು ತೋರಿಸುವರು.

ಪಾಸಾದರೆ ಉಳಿಯಬೇಕಾಗಿದ್ದ ಪಿಯಾನೊ ಪಾಸಾದ ಮೇಲೆ ಯಾರಿಗೂ ಬೇಡವಾಯಿತು. ಬೀಗ ಹಾಕುವ ಅಗತ್ಯವೂ ಬರಲಿಲ್ಲ. ಒಂದು ಶನಿವಾರ ನಾನು ಉಯ್ಯಾಲೆ ನುಡಿಸಲು ಕುಳಿತೆ. ಮೊದಲ ಸ್ವರಕ್ಕೇ ನನ್ನ ಮಣಿಕಟ್ಟು ತಾನೇ ತೇಲಿತು, ಸುಂದರವಾಗಿ, ದೊರೆಯ ಮುಂದೆ ತೇಲಿದ ಹಾಗೆ. ನಾನು ಮುಚ್ಚಳ ಹಾಕಿದೆ. ಜಗುಲಿಯಿಂದ ಯಾರೂ ಕೂಗಲಿಲ್ಲ. ಪುಟ್ಟತ್ತೆ ಆಗ ಮಾರುಕಟ್ಟೆಯಿಂದ ಕಟ್ಟಿದ ಹೂವನ್ನೇ ತರಿಸುತ್ತಿದ್ದಳು.

ಅತ್ತೆಯ ಕೈ ಕೆಡಿಸಿದವಳು ನಾನೇ ಎಂದು ನಾನು ನಂಬಿಕೊಂಡು ಬಂದಿದ್ದೇನೆ. ನನ್ನ ತಮ್ಮ ಒಪ್ಪುವುದಿಲ್ಲ. ಹೋದ ವರ್ಷ ಈ ಮಾತು ಬಂದಾಗ ಫೋನಿನಲ್ಲೇ ನಕ್ಕುಬಿಟ್ಟ. "ಅತ್ತೆಗೆ ಕೀಲುನೋವು ಕಣೇ ಅಕ್ಕ. ಆಗಲೇ ಶುರುವಾಗಿತ್ತು. ಊರಲ್ಲಿ ಏನಾದರೂ ನಿನ್ನಿಂದಲೇ ಆಗಬೇಕು ನಿನಗೆ. ಪಾಪ ಮಾಡೋದ್ರಲ್ಲೂ ಫಸ್ಟ್ ಕ್ಲಾಸಲ್ಲೇ ಪಾಸಾಗಬೇಕು." ಅವನು ಹೇಳುವುದು ನಿಜವಿರಬಹುದು. ಕೀಲುನೋವೇ ಇರಬಹುದು. ಆದರೆ ಅಂದು ಕೈ ನೋಡಿ ಎಂದವಳು ನಾನು, ನಕ್ಕವಳೂ ನಾನು, ಹೇಳದೆ ಉಳಿದವಳೂ ನಾನು. ಅದಕ್ಕೆ ಕೀಲುನೋವಿನ ಸಾಕ್ಷಿ ಸಾಲದು.

"ಅಮ್ಮಾ, ಬನ್ನಿ ಒಳೀಕೆ" ಎಂದು ನರ್ಸ್ ಹುಡುಗಿ ಕರೆದಳು. ಹತ್ತು ನಿಮಿಷ ಆಗಿಹೋಗಿತ್ತು. ಮತ್ತೆ ಪಟ್ಟಿ ಸುತ್ತಿದಳು. ಅವಳ ಜಡೆಯಲ್ಲಿ ಒಂದು ತುಂಡು ಕನಕಾಂಬರ. ಗಂಟುಗಳು ಒತ್ತಾಗಿದ್ದವು.

"ನೀನೇ ಕಟ್ಟಿದ್ದೇನಮ್ಮ?"

"ಊಂ, ಬಸ್ಸಲ್ ಬತ್ತಾ ಬತ್ತಾ ಕಟ್ಟುದ್ದು. ಕೈ ಲೂಸಾಗಿ ಬುಡಿ."

ಕೈ ಎಸೆಯಲು ಸಿದ್ಧವಾಗಿತ್ತು. ಇಷ್ಟು ವರ್ಷವಾದರೂ ಅದು ತನ್ನ ವಿದ್ಯೆ ಮರೆತಿಲ್ಲ. ನಾನು ತಡೆದೆ.

"ನನಗೆ ಅದು ಬರೋದಿಲ್ಲಮ್ಮ" ಅಂದೆ. "ಆಗ ಮಾಡಿದ್ದು ಸುಳ್ಳು. ಸುಮ್ಮನೆ ಬೀಳಿಸಿದ್ದು."

ಅವಳು ತಲೆಯೆತ್ತಿ ನೋಡಿದಳು. ನಗಬಹುದೆಂದುಕೊಂಡೆ, ನಗಲಿಲ್ಲ. "ಯಾರಿಗ್ ಬತ್ತದೆ ಬುಡಿ ಅಮ್ಮ. ಇಲ್ಲಿಗ್ ಬರೋರೆಲ್ಲ ಅಂಗೇಯ. ಬಿಗಿಯಾಗೇ ಇರ್ಲಿ, ನಾನಿಡ್ಕತೀನಿ" ಎಂದು, ತನ್ನ ಎಡಗೈಯನ್ನು ನನ್ನ ಮೊಣಕೈ ಕೆಳಗೆ ಕೊಟ್ಟು, ಬಲಗೈಯಲ್ಲಿ ಗುಂಡಿ ಒತ್ತಿದಳು. ಅವಳ ಕಣ್ಣು ಕಿಟಕಿಯಾಚೆ ಬಸ್ಸಿನ ಮೇಲಿತ್ತು. ನನ್ನ ಕೈ ಅವಳ ಕೈಯ ಮೇಲೆ, ಬಿಗಿಯಾಗಿಯೇ, ಕುಳಿತುಕೊಂಡಿತು.

"ಇನ್ನೂ ಜಾಸ್ತೀನೆಯ" ಅಂದಳು ಅಂಕಿ ನೋಡಿ. "ಆದ್ರೆ ಮೊದ್ಲಂಗಿಲ್ಲ."

ಮನೆಗೆ ಬಂದು ದಿನಚರಿ ತೆಗೆದೆ. ಅಂಕಿಯನ್ನು ಬರೆದು, ಪಕ್ಕದಲ್ಲಿ ಬರೆದೆ: ಕೈ ಬಿಗಿಯಾಗಿತ್ತು. ಪುಟ್ಟತ್ತೆಗೆ ಹೇಳಬೇಕಾಗಿದ್ದುದನ್ನು ಇಂದು ಬೇರೊಬ್ಬರಿಗೆ ಹೇಳಿದೆ. ತಲೆನೋವು ಇರಲಿಲ್ಲ.